ಧ್ವನಿಗಳು ನಿಂತ ಮೇಲೆ

ಸ್ಕಿಜೋಫ್ರೀನಿಯಾ ಕುರಿತ ನಮ್ಮ ಸಂವಾದ ಪ್ರಸಾರವಾದ ನಂತರ ವೀಕ್ಷಕರಿಂದ ಬಂದ ಪತ್ರಗಳಲ್ಲಿ, ಬೇರೆ ಬೇರೆ ಕೈಬರಹಗಳಲ್ಲಿ ಒಂದೇ ಪ್ರಶ್ನೆಯಿತ್ತು. ‘ಮಗ ಈಗ ಕೂಗಾಡುವುದಿಲ್ಲ, ಯಾರೋ ಬೈಯುತ್ತಿದ್ದಾರೆ ಎನ್ನುವುದಿಲ್ಲ. ಮಾತ್ರೆ ನುಂಗುತ್ತಾನೆ. ಆದರೆ ಸ್ನಾನ ಮಾಡು ಎಂದು ನಾಲ್ಕು ಸಲ ಹೇಳಬೇಕು, ದಿನವಿಡೀ ಮಲಗಿರುತ್ತಾನೆ. ಇದು ಕಾಯಿಲೆಯೋ, ಮೈಗಳ್ಳತನವೋ?’

ಇದಕ್ಕೆ ಉತ್ತರ ಕಾರ್ಯಕ್ರಮದಲ್ಲೇ ಇತ್ತು. ಕತ್ತರಿಸಿದವನು ನಾನು. ಮುಖ ತೋರಿಸದೆ ಮಾತನಾಡಲು ಒಪ್ಪಿದ ಯುವಕರೊಬ್ಬರು ತಮ್ಮ ಅನುಭವವನ್ನು ಹತ್ತು ನಿಮಿಷ ಹೇಳಿದ್ದರು. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳ ಮೂರು ನಿಮಿಷ ಉಳಿಸಿಕೊಂಡು, ಅಂಗಡಿಯಿಂದ ಕಾಫಿಪುಡಿ ತಂದ ಪ್ರಸಂಗವನ್ನು ಸಮಯ ಸಾಲದೆಂದು ತೆಗೆದುಬಿಟ್ಟೆ.

ವೈದ್ಯರು ಈ ಕಾಯಿಲೆಯ ಲಕ್ಷಣಗಳನ್ನು ಧನಾತ್ಮಕ, ಋಣಾತ್ಮಕ ಎನ್ನುತ್ತಾರೆ. ಇಲ್ಲಿ ಧನ, ಋಣ ಎಂದರೆ ಒಳ್ಳೆಯದು, ಕೆಟ್ಟದ್ದು ಅಲ್ಲ. ನಾವು ವಿಜ್ಞಾನ ಓದಿದವರು ಮೊದಲು ಎಡವುವುದೇ ಇಲ್ಲಿ. ಇಲ್ಲದ ಧ್ವನಿ, ಬುಡವಿಲ್ಲದ ಸಂಶಯ ಬಂದು ಕೂಡಿಕೊಳ್ಳುವುದು ಧನಾತ್ಮಕ. ಇದ್ದ ಉತ್ಸಾಹ, ಮಾತು, ನಾಲ್ಕು ಜನರೊಡನೆ ಬೆರೆಯುವ ಆಸೆ ಕಳೆದುಹೋಗುವುದು ಋಣಾತ್ಮಕ. 1952ರಲ್ಲಿ ಕ್ಲೋರ್‌ಪ್ರೊಮಜೈನ್ ಬಳಕೆಗೆ ಬಂದಾಗಿನಿಂದ ಮೊದಲ ಬಗೆಗೆ ಒಳ್ಳೆಯ ಔಷಧಿಗಳಿವೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಅಬ್ಬರವನ್ನು ಅವು ತಗ್ಗಿಸುತ್ತವೆ. ಎರಡನೆಯ ಬಗೆಯ ಮೇಲೆ ಅವುಗಳ ಪ್ರಭಾವ ಕಡಿಮೆ. ಕೆಲವು ಮಾತ್ರೆಗಳು ತಾವೇ ಮಂಪರು ತರುವುದೂ ಉಂಟು. ಅದನ್ನು ವೈದ್ಯರಿಗೆ ತಿಳಿಸಬೇಕು. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು.

ಇನ್ನು ಆ ಕಾಫಿಪುಡಿ. ಚಪ್ಪಲಿ ಮೆಟ್ಟುವಷ್ಟರಲ್ಲಿ ಏತಕ್ಕೆ ಹೊರಟೆನೆಂಬುದೇ ಅವರಿಗೆ ಮರೆಯುತ್ತಿತ್ತಂತೆ. ಅಂಗಡಿಯವನ ಮುಖದಲ್ಲಿರುವುದು ಸಿಟ್ಟೋ ನಗುವೋ ತಿಳಿಯುತ್ತಿರಲಿಲ್ಲ. ಹಿಂದೆ ನಿಂತವರು ಅವಸರ ಮಾಡಿದರೆ ಚಿಲ್ಲರೆ ಎಣಿಸಲಾಗದೆ ಬರಿಗೈಲಿ ಮರಳುತ್ತಿದ್ದರು. ಗಮನ, ನೆನಪು, ಇನ್ನೊಬ್ಬರ ಮುಖಭಾವ ಓದುವ ಶಕ್ತಿ ಇವೆಲ್ಲ ಈ ಕಾಯಿಲೆಯಲ್ಲಿ ಕುಗ್ಗುತ್ತವೆಂದು ಸಂಶೋಧಕರು ಹೇಳುವುದನ್ನು ಅವರು ಒಂದು ಅಂಗಡಿಯ ಮುಂದೆಯೇ ತೋರಿಸಿದ್ದರು. ‘ಮನೆಯಲ್ಲಿ ನನ್ನನ್ನು ಕೇಳೋದು ಒಂದೇ ಪ್ರಶ್ನೆ ಸಾರ್, ಮಾತ್ರೆ ತಗೊಂಡ್ಯಾ ಅಂತ’ ಎಂದಿದ್ದರು.

ದಾರಿ ಹುಡುಕಿದವರು ಅವರ ಅಕ್ಕ. ಮೊದಲ ವಾರ ಚೀಟಿ ಬರೆದುಕೊಟ್ಟು ಜೊತೆಗೆ ಹೋದರು. ಆಮೇಲೆ ಬೀದಿಯ ತಿರುವಿನಲ್ಲಿ ನಿಂತರು. ಆಮೇಲೆ ಗೇಟಿನ ಬಳಿ. ಒಬ್ಬರೇ ಹೋಗಿಬರಲು ಎರಡು ತಿಂಗಳು ಹಿಡಿಯಿತು. ಮನೋವೈದ್ಯಕೀಯ ಪುನರ್ವಸತಿ ಕೇಂದ್ರಗಳಲ್ಲಿ ಮಾಡುವುದೂ ಬಹುಮಟ್ಟಿಗೆ ಇದನ್ನೇ: ಕೆಲಸವನ್ನು ತುಂಡು ಮಾಡಿ, ಒಂದೊಂದನ್ನೇ ಅಭ್ಯಾಸ ಮಾಡಿಸುವುದು.

ಬೈದರೆ ಎದ್ದಾನೆಂದು ನಂಬುವವರು ಒಂದು ಮಾತು ಕೇಳಬೇಕು. ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದಾ ದೂಷಣೆ ಅಥವಾ ಅತಿಯಾದ ಕಾವಲು ಇದ್ದ ಮನೆಗಳಿಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚು. ಹಾಗೆಂದು ಕಾಯಿಲೆಗೆ ಮನೆಯವರೇ ಕಾರಣ ಎಂದಲ್ಲ. ವರ್ಷಗಟ್ಟಲೆ ನೋಡಿಕೊಂಡ ತಾಯಿಗೆ ತಾಳ್ಮೆ ತಪ್ಪುವುದು ಸಹಜ. ಆಕೆಗೂ ಬಿಡುವು ಬೇಕು.

ನಮ್ಮ ಸರ್ಕಾರದ ಅಳತೆಗೋಲು ಈ ವಿಷಯದಲ್ಲಿ ನನಗಿಂತ ಜಾಣತನ ತೋರಿದೆ. ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯವನ್ನು ಅಳೆಯುವ ‘ಐಡಿಯಾಸ್’ ಮಾಪಕದಲ್ಲಿ ನೋಡುವುದು ನಾಲ್ಕು ಸಂಗತಿ: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ಕಾಯಿಲೆಯ ಅವಧಿಗೆ ಬೇರೆ ಅಂಕ. ಧ್ವನಿ ಕೇಳಿಸುತ್ತದೆಯೇ ಎಂಬುದಕ್ಕೆ ಅಲ್ಲಿ ಅಂಕವೇ ಇಲ್ಲ. ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ದೊರೆತವರು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಸೌಲಭ್ಯಗಳನ್ನು ಕೇಳಬಹುದು. ಪತ್ರ ಬರೆದ ಹಲವರಿಗೆ ಇದು ತಿಳಿದಿರಲಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿ ವಿಚಾರಿಸಿ. ಫೋನಿನಲ್ಲಿ ಸಲಹೆ ಬೇಕಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416; ಕನ್ನಡದಲ್ಲೇ ಮಾತನಾಡಬಹುದು.

ಮರುಪ್ರಸಾರದಲ್ಲಿ ಕಾಫಿಪುಡಿಯ ಭಾಗವನ್ನು ಪೂರ್ತಿ ಸೇರಿಸುತ್ತಿದ್ದೇವೆ. ಅದಕ್ಕಾಗಿ ಧ್ವನಿಗಳ ಭಾಗದಲ್ಲಿ ಎರಡು ನಿಮಿಷ ಕಡಿಮೆಯಾಗುತ್ತದೆ.