ನಿಮಗಿದು ಗೊತ್ತೇ? ತಿರುಪ್ಪೂರಿನಲ್ಲಿ ‘ಫಿನಿಶ್’ ಅಂದರೆ ಮುಗಿಯಿತು ಅಂತಲ್ಲ!

ಇಂಗ್ಲಿಷಿನ ‘ಫಿನಿಶ್’ ನಮ್ಮ ಮಾತಿನೊಳಗೆ ಯಾವಾಗಲೋ ಬಂದು ಕೂತಿದೆ. ಊಟ ಫಿನಿಶ್, ಪರೀಕ್ಷೆ ಫಿನಿಶ್, ಆಸಾಮಿ ಫಿನಿಶ್! ಆದರೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಯಾರಾದರೂ ‘ಮಾಲು ಫಿನಿಶಿಂಗ್‌ನಲ್ಲಿದೆ’ ಎಂದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಇನ್ನೂ ನೂರೆಂಟು ಕೆಲಸ ಬಾಕಿ ಇದೆ ಎಂದೇ ಅದರ ಅರ್ಥ.

ಬಣ್ಣ ಹಾಕಿಸಿಕೊಂಡು ಹೊರಬಂದ ಹೆಣಿಗೆ ಬಟ್ಟೆಯನ್ನು ನೋಡಿದವರಿಗೆ ಇದು ಗೊತ್ತು. ಒದ್ದೆಯಾಗಿ, ತಿರುಚಿಕೊಂಡು, ಹಗ್ಗದಂತೆ ಬಿದ್ದಿರುತ್ತದೆ. ಅದನ್ನು ಹಿಂಡಬೇಕು, ಬಿಡಿಸಬೇಕು, ಒಣಗಿಸಬೇಕು. ಮೇಲೆದ್ದ ನವಿರು ನಾರನ್ನು ಸೆಲ್ಯುಲೇಸ್ ಎಂಬ ಕಿಣ್ವಕ್ಕೆ ತಿನ್ನಿಸಿ ನುಣುಪು ಮಾಡುವುದೂ ಉಂಟು, ಅದಕ್ಕೆ ಬಯೋ ವಾಶ್ ಎನ್ನುತ್ತಾರೆ. ಆಮೇಲೆ ಕಾಂಪ್ಯಾಕ್ಟಿಂಗ್. ನೀರಿನಲ್ಲಿ ಎಳೆದಾಡಿಸಿಕೊಂಡ ಬಟ್ಟೆ ಉದ್ದಕ್ಕೆ ಜಗ್ಗಿರುತ್ತದೆ. ಹಾಗೆಯೇ ಹೊಲಿದರೆ ಗಿರಾಕಿ ಮನೆಯಲ್ಲಿ ಒಮ್ಮೆ ಒಗೆದ ಕೂಡಲೇ ಮೊಣಕಾಲಿನ ಕಡೆಗಿದ್ದದ್ದು ಹೊಟ್ಟೆಗೆ ಏರುತ್ತದೆ. ಅದಕ್ಕೇ ಹಬೆ ಕೊಟ್ಟು, ಬಿಸಿ ರೋಲರಿನ ನಡುವೆ ಕುಣಿಕೆಗಳನ್ನು ಒತ್ತಿ ಒತ್ತಿ ಕೂರಿಸುತ್ತಾರೆ. ಕುಗ್ಗುವುದಿದ್ದರೆ ಇಲ್ಲೇ ಕುಗ್ಗಿಬಿಡಲಿ ಎಂಬ ಲೆಕ್ಕ.

ಫಿನಿಶ್ ಆದದ್ದು ಸರಿಯೋ ಇಲ್ಲವೋ ತಿಳಿಯುವುದು ಹೇಗೆ? ಒಂದು ದುಂಡನೆಯ ಕಟ್ಟರ್ ಇದೆ. ಬಟ್ಟೆಯ ಮೇಲಿಟ್ಟು ಒತ್ತಿ ತಿರುಗಿಸಿದರೆ ಸರಿಯಾಗಿ 100 ಚದರ ಸೆಂಟಿಮೀಟರಿನ ಬಿಲ್ಲೆ ಕೈಗೆ ಬರುತ್ತದೆ. ಅದನ್ನು ಪುಟ್ಟ ತಕ್ಕಡಿಯಲ್ಲಿಟ್ಟು, ಬಂದ ಗ್ರಾಂ ತೂಕವನ್ನು 100ರಿಂದ ಗುಣಿಸಿದರೆ ಅದೇ ‘ಜಿಎಸ್‌ಎಂ’, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ. ಬಿಲ್ಲೆ 1.6 ಗ್ರಾಂ ತೂಗಿದರೆ ಬಟ್ಟೆ 160 ಜಿಎಸ್‌ಎಂ. ಕೊಳ್ಳುವವನು ಕೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಫಿನಿಶ್ ಆದ ಬಟ್ಟೆಯನ್ನು ಮತ್ತೆ ಫಿನಿಶಿಂಗಿಗೆ ಕಳಿಸುತ್ತಾರೆ!

ಹೊಲಿಗೆ ಆದ ಮೇಲೆ ಇನ್ನೊಂದು ಫಿನಿಶಿಂಗ್. ಇಲ್ಲಿ ಮೊದಲ ಕೆಲಸ ‘ಪಿಸಿರು’ ಕತ್ತರಿಸುವುದು. ಹೊಲಿಗೆಯ ತುದಿಯಲ್ಲಿ ಇಣುಕುವ ದಾರದ ತುಂಡಿಗೆ ಅಲ್ಲಿಯವರು ಹೇಳುವ ಮಾತು ಅದು. ಕೈಯಲ್ಲಿ ಪುಟ್ಟ ಕತ್ತರಿ ಹಿಡಿದು ತೋಳು, ಕತ್ತು, ಅಂಚು ಎಂದು ಒಂದೊಂದೇ ತಿರುವಿ ನೋಡುವ ಈ ಕೆಲಸ ಹೆಚ್ಚಾಗಿ ಹೆಂಗಸರದು. ಆಮೇಲೆ ಚೆಕ್ಕಿಂಗ್, ಇಸ್ತ್ರಿ, ಮಡಿಕೆ, ಪ್ಯಾಕಿಂಗ್. ಟೀ ಶರ್ಟ್ ಕೊಂಡವರು ಬ್ರ್ಯಾಂಡ್ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಪಿಸಿರು ಇಲ್ಲದಿರುವುದನ್ನು ಯಾರೂ ನೋಡುವುದಿಲ್ಲ. ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಹೊಳಪು ಕೊಡುವ ಫಿನಿಶ್ ಕೂಡ ಉಂಟು. ಹಾಗೆ ಹೊಳೆಯುವ ಮರ್ಸರೈಸ್ಡ್ ಬಟ್ಟೆಯ ಹೆಸರು 1850ರಲ್ಲಿ ಪೇಟೆಂಟ್ ಪಡೆದ ಜಾನ್ ಮರ್ಸರ್ ಎಂಬಾತನದು. ತಮಾಷೆ ಏನೆಂದರೆ, ಕಾಸ್ಟಿಕ್ ಸೋಡಾದಲ್ಲಿ ಅದ್ದುವ ಆತನ ಪದ್ಧತಿಯಲ್ಲಿ ಬಟ್ಟೆ ಗಟ್ಟಿಯಾಗುತ್ತಿತ್ತೇ ಹೊರತು ಈ ಹೊಳಪು ಬರುತ್ತಿರಲಿಲ್ಲ. ಕಾಸ್ಟಿಕ್ ಸೋಡಾದಲ್ಲಿರುವಾಗ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು ಎಂದು 1890ರಲ್ಲಿ ತೋರಿಸಿದವನು ಹೊರೇಸ್ ಲೋ. ಹೆಸರು ಮಾತ್ರ ಮರ್ಸರನಿಗೇ ಉಳಿಯಿತು. ಹಳೆಯ ಷರ್ಟಿನ ಪಟ್ಟಿಯ ಮೇಲೆ ಕಾಣುತ್ತಿದ್ದ ‘ಸ್ಯಾನ್‌ಫರೈಸ್ಡ್’ (ಮೊದಲೇ ಕುಗ್ಗಿಸಿದ್ದು) ಕೂಡ ಒಬ್ಬ ಮನುಷ್ಯನ ಹೆಸರೇ: ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್.

ಇಷ್ಟಕ್ಕೂ ಫಿನಿಶ್ ಬಂದದ್ದು ಲ್ಯಾಟಿನಿನ ‘ಫೀನಿಸ್’ ಎಂಬುದರಿಂದ. ಅದಕ್ಕೆ ಕೊನೆ ಎಂದೂ ಅರ್ಥ, ಗಡಿ ಎಂದೂ ಅರ್ಥ. ಆಫೀಸಿನ ಫೈನ್ ಇದರ ಸಂತಾನವೇ: ದುಡ್ಡು ಕಟ್ಟಿ ವ್ಯಾಜ್ಯ ಮುಗಿಸು ಎಂದು. ಫೈನಾನ್ಸ್ ಕೂಡ: ಮೊದಲು ಅದಕ್ಕೆ ಸಾಲ ತೀರಿಸುವುದು ಎಂಬ ಅರ್ಥವಿತ್ತು. ಇಂದಿನ ಫೈನಾನ್ಸ್ ಕಂಪನಿಗಳನ್ನು ಕಂಡವರು ಈ ಮಾತನ್ನು ನಂಬುವುದು ಕಷ್ಟ.

ಟರ್ಮಿನೇಟ್ ಪದಕ್ಕೂ ಗಡಿಯ ಸಂಬಂಧವಿದೆ. ಟರ್ಮಿನಸ್ ಎಂದರೆ ರೋಮನ್ನರ ಗಡಿಕಲ್ಲು, ಮತ್ತು ಆ ಕಲ್ಲನ್ನು ಕಾಯುವ ದೇವರು. ಫೆಬ್ರವರಿ 23ರಂದು ಅಕ್ಕಪಕ್ಕದ ಹೊಲದವರು ಕೂಡಿ ಕಲ್ಲಿಗೆ ಹಾರ ಹಾಕಿ ಪೂಜೆ ಮಾಡುತ್ತಿದ್ದರು. ಗಡಿಕಲ್ಲು ತಿರುಪ್ಪೂರಿನ ಪಕ್ಕದ ಕೊಯಮತ್ತೂರಿಗೂ ಹೊಸದಲ್ಲ. 1956ರ ಅಕ್ಟೋಬರ್ 31ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯದು! ಮಾದಪ್ಪನ ಬೆಟ್ಟವೂ ಅದರಲ್ಲೇ ಇತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮತ್ತೆ 2009ರಲ್ಲಿ ಕೊಯಮತ್ತೂರು, ಈರೋಡು ಜಿಲ್ಲೆಗಳ ಭಾಗ ತೆಗೆದು ತಿರುಪ್ಪೂರು ಜಿಲ್ಲೆ ಮಾಡಿದರು.

ಎಂಡ್ ಮತ್ತು ನಮ್ಮ ‘ಅಂತ್ಯ’ ದೂರದ ದಾಯಾದಿಗಳು. ಇಂಗ್ಲಿಷಿನ ಆ ಪದಕ್ಕೂ ಸಂಸ್ಕೃತದ ‘ಅಂತ’ಕ್ಕೂ ಬೇರು ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಆದರೆ ಕೊಯಮತ್ತೂರಿನ ಮಿಲ್ಲಿನಲ್ಲಿ ಎಂಡ್ ಎಂದರೆ ಕೊನೆಯಲ್ಲ, ನೂಲಿನ ಎಳೆ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಇಲ್ಲಿ ಮೊದಲ ನೂಲಿನ ಗಿರಣಿ ತೆರೆದ. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ವಿದ್ಯುತ್ ಇಳಿದು ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ಅವುಗಳ ನಿತ್ಯದ ತಲೆನೋವು ‘ಎಂಡ್ ಬ್ರೇಕ್’, ಎಳೆ ಹರಿಯುವುದು. ನೂರು ಕದಿರು ಒಂದು ಗಂಟೆ ತಿರುಗಿದರೆ ಎಷ್ಟು ಎಳೆ ಹರಿಯಿತು ಎಂಬುದೇ ಗಿರಣಿಯ ಆರೋಗ್ಯದ ಅಳತೆ. 1956ರಲ್ಲಿ ಕೊಯಮತ್ತೂರಿನಲ್ಲಿ ಶುರುವಾದ ‘ಸಿಟ್ರಾ’ ಎಂಬ ಜವಳಿ ಸಂಶೋಧನಾ ಸಂಸ್ಥೆ ಇಂಥ ಲೆಕ್ಕಗಳಲ್ಲಿ ಪಳಗಿದ ಕೈ.

ಸ್ಟಾಪ್ ಪದದ ಹುಟ್ಟು ಇನ್ನೂ ಮಜವಾಗಿದೆ. ಲ್ಯಾಟಿನಿನ ‘ಸ್ತುಪ್ಪಾ’ ಅಂದರೆ ನಾರಿನ ಒರಟು ಕಸ. ಅದನ್ನು ತೂತಿಗೆ ತುರುಕಿ ಬಾಯಿ ಮುಚ್ಚುವುದೇ ಮೊದಲ ಸ್ಟಾಪ್ ಎಂದು ನಿಘಂಟುಗಳು ಹೇಳುತ್ತವೆ. ಅಂದರೆ ಜವಳಿಗೂ ಈ ಪದಕ್ಕೂ ಹುಟ್ಟಿನಿಂದಲೇ ನಂಟು. ತಿರುಪ್ಪೂರಿನ ದುಂಡು ಹೆಣಿಗೆ ಯಂತ್ರದಲ್ಲಿ ‘ಸ್ಟಾಪ್ ಮೋಷನ್’ ಇದೆ: ಒಂದು ನೂಲು ಹರಿದರೂ ದೀಪ ಹತ್ತಿ ಯಂತ್ರ ತಾನೇ ನಿಲ್ಲುತ್ತದೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ತಿಗೊಳಿಸಿದ ಮಗ್ಗದಲ್ಲೂ ಎಳೆ ಹರಿದರೆ ತಾನೇ ನಿಲ್ಲುವ ಏರ್ಪಾಟು ಇತ್ತು. 1929ರಲ್ಲಿ ಆ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್‌ಗೆ ಮಾರಿದರು. ಆ ಮನೆತನ ಮುಂದೆ ಕಾರಿನ ಕಡೆ ಹೊರಳಿದ ಕತೆ ಬೇರೆ.

ಇನ್ನು ಕ್ಲೋಸ್. ಈ ಪದ ಕೇಳಿದರೆ ತಿರುಪ್ಪೂರಿನವರು 2011ನ್ನು ನೆನೆಯುತ್ತಾರೆ. ಬಣ್ಣದ ನೀರು ವರ್ಷಾನುಗಟ್ಟಲೆ ನೊಯ್ಯಲ್ ನದಿಗೆ ಹರಿದಿತ್ತು. ಅದೇ ನದಿಗೆ ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತದ್ದು ಉಪ್ಪು ಮತ್ತು ಬಣ್ಣ. ಕೆಳಗಿನ ರೈತರು ಕೋರ್ಟಿಗೆ ಹೋದರು. ಒಂದು ತೊಟ್ಟು ಕೊಳಕು ನೀರೂ ಹೊರಬಿಡುವಂತಿಲ್ಲ ಎಂಬ ಷರತ್ತನ್ನು ಪಾಲಿಸಲಿಲ್ಲವೆಂದು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಬಣ್ಣ ಮತ್ತು ಬ್ಲೀಚಿಂಗ್ ಘಟಕಗಳ ಬಾಗಿಲು ಹಾಕಿಸಿತು. ಊರು ತತ್ತರಿಸಿತು, ಕೆಲಸಗಾರರು ಗಂಟುಮೂಟೆ ಕಟ್ಟಿದರು. ಆಮೇಲೆ ಒಂದೊಂದೇ ಘಟಕ ನೀರನ್ನು ಸೋಸಿ, ಕಾಯಿಸಿ, ಉಪ್ಪು ಬೇರೆ ನೀರು ಬೇರೆ ಮಾಡಿ ಎರಡನ್ನೂ ಮತ್ತೆ ಬಳಸುವುದನ್ನು ಕಲಿತು ಬಾಗಿಲು ತೆರೆಯಿತು. ಖರ್ಚು ದಂಡಿಯಾಗಿ ಬರುತ್ತದೆ. ಆದರೆ ರೈತರ ಬಾವಿಗೆ ಆದ ನಷ್ಟವನ್ನು ಆ ಖರ್ಚಿನ ಪಕ್ಕದಲ್ಲಿ ಬರೆದಿಡದೆ ಬರೀ ಕಾರ್ಖಾನೆಯ ಸಂಕಟ ಹೇಳುವುದು ಅರ್ಧ ಲೆಕ್ಕ.

ಕನ್ನಡದ ‘ಮುಗಿ’ ಎಂದರೆ ಮೊದಲಿಗೆ ಮುಚ್ಚಿಕೊಳ್ಳುವುದು. ಸಂಜೆ ತಾವರೆ ಮುಗಿಯುತ್ತದೆ, ನಾವು ಕೈ ಮುಗಿಯುತ್ತೇವೆ. ತಮಿಳಿನ ‘ಮುಡಿ’ ಎಂದರೆ ಮುಗಿಸು, ಗಂಟು ಹಾಕು, ಕೂದಲು, ಕಿರೀಟ, ಎಲ್ಲವೂ. ನಮ್ಮ ಹೆಂಗಸರ ಮುಡಿ, ಕರಾವಳಿಯ ಅಕ್ಕಿಮುಡಿ ಅದರ ಬಳಗವೇ. ಈ ಎರಡೂ ಮಾತು ಒಂದೇ ಮನೆಯಲ್ಲಿ ಕೇಳಬೇಕೆಂದರೆ ಕೊಯಮತ್ತೂರಿನ ದೇವಾಂಗರ ಕೇರಿಗೆ ಹೋಗಬೇಕು. ಚೌಡೇಶ್ವರಿಯ ಒಕ್ಕಲು, ತಲೆತಲಾಂತರದ ನೇಕಾರರು. ಹೊರಗೆ ತಮಿಳು, ಬಹಳ ಮನೆಗಳಲ್ಲಿ ಒಳಗೆ ಕನ್ನಡ. ಅನುಪ್ಪ ಗೌಂಡರೂ ಹೀಗೆಯೇ ಕನ್ನಡ ಉಳಿಸಿಕೊಂಡ ಕೃಷಿಕರು.

ಕೈಮಗ್ಗದಲ್ಲಿ ಹಾಸು, ಅಂದರೆ ಉದ್ದದ ಎಳೆಗಳು, ತೀರಿದಾಗ ಏನು ಮಾಡುತ್ತಾರೆ ಗೊತ್ತೇ? ಪೂರ್ತಿ ನೇಯ್ದು ಖಾಲಿ ಮಾಡುವುದಿಲ್ಲ. ಹಳೆಯ ಹಾಸಿನ ತುದಿ ಅಚ್ಚಿನಲ್ಲಿ ಉಳಿದಿರುವಾಗಲೇ ಹೊಸ ಹಾಸಿನ ಎಳೆಯನ್ನು ತಂದು ಒಂದಕ್ಕೊಂದು ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಸೀರೆಯ ಹಾಸಿನಲ್ಲಿ ಸಾವಿರಾರು ಎಳೆ. ಒಂದು ತಪ್ಪಿದರೂ ಬಟ್ಟೆಯುದ್ದಕ್ಕೂ ಗೆರೆ. ಹಾಗೆ ಮಾಡದಿದ್ದರೆ ಪ್ರತಿ ಎಳೆಯನ್ನೂ ಅಚ್ಚಿಗೆ ಹೊಸದಾಗಿ ಪೋಣಿಸಬೇಕಾದೀತು. ಈ ಸೀಮೆಯ ‘ಕೋವೈ ಕೋರಾ’ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಕಂಪ್ಲೀಟ್ ಎಂದರೆ ಮೂಲದಲ್ಲಿ ‘ತುಂಬು’. ನಮ್ಮ ‘ಪೂರೈಸು’ ಕೂಡ ಅದೇ. ಮುಗಿಸುವುದನ್ನು ತುಂಬುವುದು ಎನ್ನುವುದರಲ್ಲಿ ಅಚ್ಚರಿಯಿಲ್ಲ: ದೀಪ ಆರಿಸು ಎನ್ನಲು ಬಾಯಿ ಬಾರದೆ ‘ದೊಡ್ಡದು ಮಾಡು’ ಎನ್ನುವವರು ನಾವು.

ಕ್ವಿಟ್ ಮತ್ತು ಕ್ವಯಟ್ ಒಂದೇ ತಾಯಿಯ ಮಕ್ಕಳು. ಸಾಲದ ಗೋಳಿಲ್ಲದೆ ತಣ್ಣಗಿರುವುದೇ ಮೂಲ ಅರ್ಥ. 1942ರ ‘ಕ್ವಿಟ್ ಇಂಡಿಯಾ’ ಘೋಷಣೆ ಯೂಸುಫ್ ಮೆಹರಲಿ ಅವರದೆನ್ನುತ್ತಾರೆ. ಆ ಆಗಸ್ಟಿನಲ್ಲಿ ಕೊಯಮತ್ತೂರು ಸೀಮೆ ಮಾತ್ರ ತಣ್ಣಗಿರಲಿಲ್ಲ: ಸೂಲೂರಿನ ವಿಮಾನ ನಿಲ್ದಾಣಕ್ಕೆ ಚಳವಳಿಗಾರರು ಬೆಂಕಿ ಹಚ್ಚಿದರು.

ಡೆಡ್‌ಲೈನ್ ನಿಜಕ್ಕೂ ಸಾವಿನ ಗೆರೆಯೇ. ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆಯಾಳು ಆ ಗೆರೆ ದಾಟಿದರೆ ಗುಂಡು. ತಿರುಪ್ಪೂರಿನಲ್ಲಿ ಅದಕ್ಕೆ ‘ಶಿಪ್‌ಮೆಂಟ್’ ಎಂದು ಹೆಸರು. ತೂತ್ತುಕುಡಿ ಬಂದರಿಗೆ ಕಂಟೇನರ್ ಹೊರಡುವ ಹಿಂದಿನ ರಾತ್ರಿ ಫಿನಿಶಿಂಗ್ ವಿಭಾಗದ ದೀಪ ಆರುವುದಿಲ್ಲ.

ಹಳೆಯ ಕನ್ನಡ, ತಮಿಳು ಸಿನಿಮಾ ಕೊನೆಯಾಗುತ್ತಿದ್ದುದು ‘ಅಂತ್ಯ’ ಎಂದಲ್ಲ, ‘ಶುಭಂ’ ಎಂದು. ಬೇಗ ಮುಗಿಯಲೊಲ್ಲದ ಸಿನಿಮಾವೂ ಉಂಟು: ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ ತಯಾರಾದ ‘ಹರಿದಾಸ್’ 1944ರ ದೀಪಾವಳಿಗೆ ತೆರೆಕಂಡು, ಮದ್ರಾಸಿನ ಬ್ರಾಡ್‌ವೇ ಟಾಕೀಸಿನಲ್ಲಿ ಮೂರು ದೀಪಾವಳಿ ನೋಡಿತು.

ಓಟದಲ್ಲಿ ‘ಫಿನಿಶ್’ ಮಾಡುವುದೇ ಒಂದು ಗೆಲುವು ಎಂಬುದಕ್ಕೆ ಸಾಕ್ಷಿ ಕೊಯಮತ್ತೂರಿನಲ್ಲಿ ಬೆಳೆದ ನಾರಾಯಣ್ ಕಾರ್ತಿಕೇಯನ್, ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ. 2005ರ ಜೂನ್ 19, ಇಂಡಿಯಾನಾಪೊಲಿಸ್. ಟೈರ್ ಸುರಕ್ಷಿತವಲ್ಲವೆಂದು 14 ಕಾರುಗಳು ಶುರುವಾಗುವ ಮೊದಲೇ ಹಿಂದೆ ಸರಿದವು. ಓಡಿದ್ದು ಆರೇ. ಆರೂ ಗುರಿ ಮುಟ್ಟಿದವು, ನಾರಾಯಣ್ ನಾಲ್ಕನೆಯವರು, ಐದು ಅಂಕ. ಆ ದಿನದ್ದು ಓಟವೇ ಅಲ್ಲ ಎಂದು ಗೊಣಗುವವರಿದ್ದಾರೆ. ಗೊಣಗಲಿ, ಬಾವುಟ ಬೀಸಿದ ಮೇಲೆ ಅಂಕ ಅಂಕವೇ.

ಫಿನಿಶಿಂಗ್ ದಾಟಿಯೂ ಹಡಗು ಹತ್ತದ ಮಾಲು ಎಲ್ಲಿಗೆ ಹೋಗುತ್ತದೆ? ತಿರುಪ್ಪೂರಿನ ಖಾದರ್‌ಪೇಟೆಗೆ. ಆರ್ಡರಿಗಿಂತ ಹೆಚ್ಚಾದದ್ದು, ಚೆಕ್ಕಿಂಗಿನಲ್ಲಿ ‘ಸೆಕೆಂಡ್ಸ್’ ಎನಿಸಿಕೊಂಡದ್ದು ಅಲ್ಲಿ ರಾಶಿ ಬೀಳುತ್ತದೆ, ಬೆಂಗಳೂರಿನ ಫುಟ್‌ಪಾತಿಗೂ ಬರುತ್ತದೆ. ಕತ್ತರಿಸುವಾಗ ಉಳಿದ ಚೂರು ‘ಬನಿಯನ್ ವೇಸ್ಟ್’ ಎಂಬ ಹೆಸರಿನಲ್ಲಿ ಗ್ಯಾರೇಜಿನ ಎಣ್ಣೆ ಒರೆಸಲು ಹೊರಡುತ್ತದೆ. ಇನ್ನೊಂದು ಪಾಲನ್ನು ಕಿತ್ತು ಮತ್ತೆ ಹತ್ತಿ ಮಾಡಿ, ಆ ಸುತ್ತಲಿನ ‘ಓಇ’ ಮಿಲ್ಲುಗಳು ದಪ್ಪ ನೂಲು ತೆಗೆಯುತ್ತವೆ. ಓಇ ಎಂದರೆ ಓಪನ್ ಎಂಡ್.