ಕೊಲೆಸ್ಟ್ರಾಲ್ ಇಳಿಸಲು ಅಕ್ಕಡಿ ಸಾಲಿನ ಕಾಳು: ಅರಸೀಕೆರೆಯಿಂದ ಬೇಲೂರಿನವರೆಗೆ

2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ದಿನಾ ಟೀವಿಯಲ್ಲಿ ಬರ್ತಿತ್ತು. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅನ್ನೋ ಸುದ್ದಿ, ಅದರಲ್ಲಿ ಎಳೆ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅದರಲ್ಲಿ 4 ಹೃದಯಕ್ಕೆ ಸಂಬಂಧಪಟ್ಟದ್ದೇ ಅಲ್ಲ ಎಂದಿತು. ಉಳಿದವರಲ್ಲಿ ಕಂಡದ್ದು ಎಲ್ಲರಿಗೂ ಗೊತ್ತಿರುವ ಕಾರಣಗಳೇ: ಸಕ್ಕರೆ ಕಾಯಿಲೆ, ಬಿ.ಪಿ., ಬೊಜ್ಜು, ಕುಡಿತ, ಸಿಗರೇಟು.

ಆವತ್ತಿನಿಂದ ನನಗೆ ಬರುವ ಫೋನುಗಳೇ ಬದಲಾಗಿವೆ. ಮೊದಲು ತೆಂಗಿನ ನುಸಿ, ರಾಗಿಯ ಬೆಂಕಿ ರೋಗ ಕೇಳ್ತಿದ್ದವರು ಈಗ ಮಾತಿನ ಕೊನೆಗೆ, "ಅಣ್ಣಾ, ಕೊಲೆಸ್ಟ್ರಾಲ್ ಜಾಸ್ತಿ ಅಂತ ಬರೆದವ್ರೆ, ಮಾತ್ರೆ ಇಲ್ದೆ ಇಳಿಸೋಕೆ ಆಗಲ್ವಾ?" ಅಂತಾರೆ. ನಾನು ಡಾಕ್ಟರಲ್ಲ, ತೆಂಗು-ರಾಗಿ ಬೆಳೆಯುವವನು. ಆದರೆ ಈ ಪ್ರಶ್ನೆಗೆ ಅರ್ಧ ಉತ್ತರ ಹೊಲದಲ್ಲೇ ಇರುವುದರಿಂದ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ಬಾಣಾವರದ ಕಡೆ ನಮ್ಮ ಅಕ್ಕನ ಮನೆ. ಭಾವನಿಗೆ ಐವತ್ತೆರಡು. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 162 ಬಂತು. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ, ಬೀಡಿ ಇಲ್ಲ. ಡಾಕ್ಟರು, "ಮೂರು ತಿಂಗಳು ಊಟ ಸರಿ ಮಾಡ್ಕೊಳ್ಳಿ, ನಡೀರಿ, ಆಮೇಲೆ ಇನ್ನೊಂದ್ಸಲ ರಕ್ತ ನೋಡೋಣ" ಎಂದು ಕಳಿಸಿದರು. ಭಾವ ಮನೆಗೆ ಬಂದವರೇ ನನಗೆ ಫೋನು ಮಾಡಿ ಕೇಳಿದ ಮೊದಲ ಮಾತು: "ಅಲ್ಲ ಕಣಯ್ಯ, ಕಾಯಿ ಬಿಟ್ಟು ಏನು ಉಣ್ಣೋದು?"

ಅರಸೀಕೆರೆಯವರ ಸಂಕಟವೇ ಇದು. ಮಕ್ಕಳ ಫೀಸು, ಮದುವೆ, ಬೋರ್‌ವೆಲ್ಲು ಎಲ್ಲಾ ಕೊಬ್ಬರಿ ದುಡ್ಡಿನಿಂದ. ಅಂಥಾ ಬೆಳೆಯ ಬಗ್ಗೆ ಒಂದು ಮಾತು ಕೆಟ್ಟದಾಗಿ ಬರೆದರೂ ಬೈಗುಳ ಗ್ಯಾರಂಟಿ. ಆದರೂ ಲೆಕ್ಕ ಹೇಳಲೇಬೇಕು. ಹಸಿ ಕಾಯಿಯ ತಿರುಳು 100 ಗ್ರಾಂ ತಗೊಂಡರೆ ಸುಮಾರು 33 ಗ್ರಾಂ ಕೊಬ್ಬು, ಅದರಲ್ಲಿ 30 ಗ್ರಾಂನಷ್ಟು ಎಲ್‌ಡಿಎಲ್ ಏರಿಸುವ ಪರ್ಯಾಪ್ತ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ. ಐದು ಜನರ ಮನೆಯಲ್ಲಿ ದಿನಕ್ಕೊಂದು ಕಾಯಿ ಒಡೆದು, ತಿರುಳು 250 ಗ್ರಾಂ ಬಂತು ಅಂದುಕೊಳ್ಳಿ. ತಲೆಗೆ 15 ಗ್ರಾಂ ಅಲ್ಲಿಗೇ ಹೋಯ್ತು. ಇನ್ನು ಹಾಲು, ತುಪ್ಪ, ಒಗ್ಗರಣೆ ಬೇರೆ.

ತೆಂಗಿನೆಣ್ಣೆಯ ಕಥೆ ಇನ್ನೂ ಸ್ಪಷ್ಟ. 2020ರಲ್ಲಿ ಅಮೆರಿಕದ ಹೃದಯ ಸಂಘದ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಮಾಡಿದ ವರದಿ ಬಂತು. ಸೂರ್ಯಕಾಂತಿ, ಸೋಯಾ ತರದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಅಂಕ ಏರಿಸುತ್ತದೆ ಎಂಬುದು ಅದರ ಸಾರ. "ನಮ್ಮಜ್ಜ ಕಾಯಿ ತಿಂದೇ ತೊಂಬತ್ತು ವರ್ಷ ಬದುಕಿದ್ರು" ಅನ್ನೋ ಮಾತು ಸುಳ್ಳಲ್ಲ. ಪೆಸಿಫಿಕ್ ಸಾಗರದ ಟೊಕೆಲಾವ್, ಪುಕಾಪುಕಾ ದ್ವೀಪಗಳ ಜನರ ಮೇಲೆ 1981ರಲ್ಲಿ ಪ್ರಕಟವಾದ ಅಧ್ಯಯನವೂ ಹಾಗೇ ಇದೆ. ಅವರ ಊಟದ ಬಹುಪಾಲು ಕೊಬ್ಬು ತೆಂಗಿನದೇ, ಆದರೂ ಹೃದ್ರೋಗ ಅಪರೂಪ. ಆದರೆ ಅದೇ ಅಧ್ಯಯನದಲ್ಲಿ, ಹೆಚ್ಚು ಕಾಯಿ ತಿನ್ನುವ ದ್ವೀಪದವರ ಕೊಲೆಸ್ಟ್ರಾಲ್ ಹೆಚ್ಚೇ ಇತ್ತು. ಅವರು ತಿನ್ನುತ್ತಿದ್ದುದು ಕಾಯಿ, ಮೀನು, ಗೆಡ್ಡೆ, ದೀವಿಹಲಸು. ನಮ್ಮ ಅಜ್ಜನೂ ಕಾಯಿಯ ಜೊತೆ ಪಪ್ಸು ತಿನ್ನಲಿಲ್ಲ, ಹೊಲಕ್ಕೆ ಬೈಕಿನಲ್ಲಿ ಹೋಗಲಿಲ್ಲ.

ಭಾವನಿಗೆ ಹೇಳಿದ್ದು ಇಷ್ಟು: ಕಾಯಿ ಬಿಡಬೇಡ, ಅರ್ಧ ಮಾಡು. ದಿನಕ್ಕೊಂದು ಒಡೆಯುವ ಕಡೆ ಎರಡು ದಿನಕ್ಕೊಂದು. ಚಟ್ನಿಗೆ ಕಾಯಿ ಬದಲು ಹುರಿದ ಕಡಲೆಕಾಯಿ ಬೀಜ, ಹುಚ್ಚೆಳ್ಳು. ಎಳನೀರಿಗೆ ಅಡ್ಡಿಯಿಲ್ಲ, ಅದರಲ್ಲಿ ಕೊಬ್ಬೇ ಇಲ್ಲ ಅನ್ನಬೇಕು. ಕೊಬ್ಬರಿಯನ್ನು ಮಾತ್ರ ಮಾರುಕಟ್ಟೆಗೇ ಕಳಿಸುವುದು ಒಳ್ಳೇದು, ಅದರಲ್ಲಿ ಮೂರನೇ ಎರಡು ಪಾಲು ಎಣ್ಣೆಯೇ.

ಕಟ್ಟು ನಮಗೆ, ಕಾಳು ಎತ್ತಿಗೆ

ಬಿಡೋದು ಇಷ್ಟಾಯ್ತು. ಇನ್ನು ತಿನ್ನೋದು. ಇದರ ಬಗ್ಗೆ ನಮ್ಮ ಕಡೆ ಮಾತಾಡುವವರು ಕಡಿಮೆ.

ನಮ್ಮ ಪಿತ್ತಜನಕಾಂಗ ಅಂದರೆ ಲಿವರ್, ಕೊಲೆಸ್ಟ್ರಾಲಿನಿಂದ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತದೆ. ಜೀರ್ಣದ ಕೆಲಸ ಮುಗಿದ ಮೇಲೆ ಆ ರಸದ ಬಹುಪಾಲು ಮತ್ತೆ ಲಿವರಿಗೆ ವಾಪಸ್ಸು. ಊಟದಲ್ಲಿ ಅಂಟಂಟಾದ, ನೀರಲ್ಲಿ ಕರಗುವ ನಾರು ಇದ್ದರೆ ಅದು ಪಿತ್ತರಸವನ್ನು ಹಿಡಿದಿಟ್ಟುಕೊಂಡು ಮಲದಲ್ಲಿ ಹೊರಗೆ ಸಾಗಿಸುತ್ತದೆ. ಲಿವರಿಗೆ ಖೋತಾ ಬೀಳುತ್ತದೆ, ಹೊಸ ರಸ ಮಾಡಲು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಕೆರೆಯ ತೂಬು ಎತ್ತಿದ ಹಾಗೆ. ಸ್ಟಾಟಿನ್ ಮಾತ್ರೆ ಮಾಡೋದು ಬೇರೆ ಕೆಲಸ, ಅದು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನೇ ತಗ್ಗಿಸುತ್ತದೆ.

ಈಗ ರಾಗಿ. ಸಿರಿಧಾನ್ಯಗಳ ಬಗ್ಗೆ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 2021ರಲ್ಲಿ ಬಂದ ವರದಿ ನೋಡಿ. 19 ಅಧ್ಯಯನ, ಸುಮಾರು 900 ಜನ. ಒಟ್ಟು ಕೊಲೆಸ್ಟ್ರಾಲ್ ಶೇ 8ರಷ್ಟು, ಎಲ್‌ಡಿಎಲ್ ಶೇ 10ರ ಹತ್ತಿರ ಇಳಿದಿತ್ತು. ಹಾಗಂತ "ನಾವು ಮೂರು ಹೊತ್ತೂ ಮುದ್ದೆ ಉಣ್ತೀವಿ, ನಮಗೇನಾಗುತ್ತೆ" ಅಂದುಕೊಳ್ಳುವ ಹಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೂ ಕರಗುವ ನಾರು 2 ಗ್ರಾಂಗೂ ಕಡಿಮೆ. ಹಿಟ್ಟನ್ನು ಜರಡಿ ಹಿಡಿದರೆ ಇರೋ ನಾರೂ ಹೋಯ್ತು. ಜೊತೆಗೆ ಟಿಲ್ಲರ್ ಓಡಿಸಿ ಬಂದವನು, ನೇಗಿಲು ಹಿಡಿದವನ ಗಾತ್ರದ ಮುದ್ದೆ ಎರಡು ನುಂಗಿದರೆ ಹೊಟ್ಟೆ ಬೆಳೆಯುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ.

ಕೆಲಸ ಮಾಡುವುದು ಮುದ್ದೆಯ ಪಕ್ಕದ ಕಾಳು. ಅವರೆ, ಅಲಸಂದೆ, ಹುರುಳಿ, ತೊಗರಿ, ಕಡಲೆ. ಕೆನಡಾದ ವೈದ್ಯ ಪತ್ರಿಕೆಯಲ್ಲಿ 2014ರಲ್ಲಿ 26 ಪ್ರಯೋಗಗಳ ಲೆಕ್ಕ ಬಂದಿದೆ. ದಿನಕ್ಕೆ ಬೇಯಿಸಿದ ಕಾಳು 130 ಗ್ರಾಂ, ಅಂದರೆ ಸುಮಾರು 50 ಗ್ರಾಂ ಒಣಕಾಳು ತಿಂದವರ ಎಲ್‌ಡಿಎಲ್ ಸರಾಸರಿ ಶೇ 5 ಇಳಿಯಿತು. ಸಾರಿನಲ್ಲಿ ತೇಲುವ ನಾಲ್ಕು ಕಾಳು ಇದಕ್ಕೆ ಸಾಲದು, ಒಂದು ಬಟ್ಟಲು ತುಂಬ ಬೇಕು.

ಇಲ್ಲಿ ನಮ್ಮ ಒಂದು ಹಳೇ ರೂಢಿ ಅಡ್ಡ ಬರುತ್ತದೆ. ಹುರುಳಿ ಬೇಯಿಸಿದರೆ ಕಟ್ಟು ಬಸಿದು ಮನೆಯವರಿಗೆ ಸಾರು, ಬೆಂದ ಕಾಳು ಎತ್ತಿಗೆ, ಎಮ್ಮೆಗೆ. ಕಟ್ಟಿನ ಸಾರಿನ ರುಚಿಗೆ ನಾನೂ ಸೋತವನೇ, ಎರಡನೇ ದಿನ ಕುದಿಸಿದ್ದಂತೂ ಇನ್ನೂ ಚೆನ್ನ. ಆದರೆ ನಾರು ಉಳಿಯುವುದು ಕಾಳಿನಲ್ಲಿ. ಒಳ್ಳೇದೆಲ್ಲ ಎತ್ತಿನ ಪಾಲಾಗ್ತಿತ್ತು. ಅಕ್ಕ ಈಗ ಹುರುಳಿಯನ್ನು ಮೊಳಕೆ ಕಟ್ಟಿ, ಕಾಳನ್ನೂ ಸಾರಿಗೆ ಹಾಕ್ತಾರೆ, ಉಳಿದದ್ದಕ್ಕೆ ಈರುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡ್ತಾರೆ. ಭಾವ ಮೊದಲ ವಾರ, "ನನ್ನನ್ನ ಎತ್ತು ಮಾಡ್ಬಿಟ್ಯಲ್ಲ" ಅಂತ ಗೊಣಗಿದರು. ಆಮೇಲೆ ಕೇಳಿ ಹಾಕಿಸಿಕೊಳ್ತಿದ್ದರಂತೆ.

ಈ ಕಾಳುಗಳೆಲ್ಲ ನಮ್ಮ ಅಕ್ಕಡಿ ಸಾಲಿನವು. ರಾಗಿ ಹೊಲದಲ್ಲಿ ಎಂಟು ಸಾಲಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಅಂಚಿಗೆ ಹುಚ್ಚೆಳ್ಳು, ಸಾಸಿವೆ. ಒಂದು ಹೊಲದಲ್ಲಿ ಮುದ್ದೆ, ಸಾರು, ಎಣ್ಣೆ, ಚಟ್ನಿ ನಾಲ್ಕೂ. ಕಟಾವಿನ ಯಂತ್ರಕ್ಕೆ ಅಡ್ಡಿ, ಕಳೆನಾಶಕ ಹೊಡೆಯೋಕಾಗಲ್ಲ ಅಂತ ಅಕ್ಕಡಿ ಬಿಟ್ಟೆವು, ಕೆಲವರು ರಾಗಿಯನ್ನೂ ಬಿಟ್ಟು ಜೋಳ ಹಾಕಿದರು. ಹೊಲದಿಂದ ಹೋದದ್ದು ತಟ್ಟೆಯಿಂದಲೂ ಹೋಯ್ತು. ಅಂಗಡಿಯಿಂದ ಅರ್ಧ ಕೆಜಿ ಬೇಳೆ ತಂದು ವಾರ ತಳ್ಳುವ ರೈತರ ಮನೆ ಈಗ ಎಷ್ಟಿಲ್ಲ!

ಬೇಲೂರಿನ ಕಾಫಿ, ಹಾಸನದ ಬೇಕರಿ

ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಬೇಲೂರಿಗೆ ಹೋಗುತ್ತಾ ಮಳೆ ಹೆಚ್ಚು, ಊಟವೂ ಬೇರೆ. ಅಕ್ಕಿರೊಟ್ಟಿ, ಕಡುಬು, ಅನ್ನ. ಕಾಳು ಅಲ್ಲಿ ಇನ್ನೂ ಕಡಿಮೆ. ಬೇಲೂರಿನ ಕಡೆ ಕಾಫಿ ತೋಟದವರು ಕೇಳುವ ಪ್ರಶ್ನೆ, ಕಾಫಿ ಕುಡಿಯಬಹುದಾ ಅಂತ. ಕಾಫಿ ಬೀಜದಲ್ಲಿ ಕೆಫೆಸ್ಟಾಲ್ ಅನ್ನೋ ಎಣ್ಣೆಯಂಥ ಅಂಶ ಇದೆ, ಅದು ಎಲ್‌ಡಿಎಲ್ ಏರಿಸುತ್ತದೆ. ರೊಬಸ್ಟಾಗಿಂತ ಅರೇಬಿಕಾದಲ್ಲಿ ಜಾಸ್ತಿ. ಪುಡಿ ಹಾಕಿ ಕುದಿಸಿ ಹಾಗೇ ಲೋಟಕ್ಕೆ ಬಗ್ಗಿಸಿದರೆ ಅದೆಲ್ಲ ಹೊಟ್ಟೆಗೆ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿಯುತ್ತದೆ, ಬಟ್ಟೆಯಲ್ಲಿ ಸೋಸುವ ಅಜ್ಜಿಯ ಕ್ರಮವೂ ಪರವಾಗಿಲ್ಲ. ದಿನಕ್ಕೆ ಎರಡು ಲೋಟಕ್ಕೆ ಯಾರೂ ಹೆದರಬೇಕಿಲ್ಲ, ಆರೇಳು ಲೋಟದವರು ಯೋಚಿಸಲಿ.

ಬೇಕರಿ ವಿಷಯದಲ್ಲಿ ನನಗೆ ಅಷ್ಟು ಸಡಿಲ ಮನಸ್ಸಿಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಇದೆ, ಹೆಮ್ಮೆಯ ಮಾತೇ. ಆದರೆ ಸಂಜೆ ಸಂತೆಯಿಂದ ಬರುತ್ತಾ ಪಪ್ಸು, ದಿಲ್‌ಪಸಂದ್, ಪಕ್ಕದ ಗಾಡಿಯಲ್ಲಿ ಬೋಂಡ ಅಂದರೆ ಮೈದಾ, ಸಕ್ಕರೆ, ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ತಾಳೆಯೆಣ್ಣೆ. ಎಣ್ಣೆ-ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ 2 ದಾಟಬಾರದು ಅಂತ 2022ರಿಂದ ಕಾನೂನಿದೆ. ಬಾಣಲೆಯಲ್ಲಿ ನಾಲ್ಕು ದಿನದಿಂದ ಕುದಿಯುವ ಎಣ್ಣೆಯನ್ನು ಯಾರು ಅಳೆಯುತ್ತಾರೆ?

ಊಟದಿಂದ ಎಷ್ಟು ಇಳಿಯುತ್ತದೆ

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ 2003ರಲ್ಲಿ ಒಂದು ಪ್ರಯೋಗ ಮಾಡಿದರು. ಓಟ್ಸ್, ಬಾರ್ಲಿ, ಇಸಬ್‌ಗೋಲ್, ಸೋಯಾ, ಬಾದಾಮಿ, ಸಸ್ಯಗಳ ಸ್ಟೆರಾಲ್, ಜೊತೆಗೆ ಬೆಂಡೆಕಾಯಿ, ಬದನೆಕಾಯಿ. ಹೌದು, ನಮ್ಮ ಹಿತ್ತಲ ಬೆಂಡೆ-ಬದನೆಯೇ. ಊಟವನ್ನು ತಾವೇ ಕೊಟ್ಟು ಒಂದು ತಿಂಗಳು ನೋಡಿದಾಗ ಎಲ್‌ಡಿಎಲ್ ಶೇ 28ರಷ್ಟು ಇಳಿಯಿತು. ಲೋವಾಸ್ಟಾಟಿನ್ ಮಾತ್ರೆ ತಿಂದವರಲ್ಲಿ ಶೇ 31ರ ಹತ್ತಿರ. ಆದರೆ ಜನರಿಗೆ ಸಲಹೆ ಕೊಟ್ಟು ಮನೆಗೆ ಕಳಿಸಿದ 2011ರ ಪ್ರಯೋಗದಲ್ಲಿ ಆರು ತಿಂಗಳಿಗೆ ಇಳಿದದ್ದು ಶೇ 13ರಷ್ಟು. ಮನೆಯೂಟದಲ್ಲಿ ನಂಬಬಹುದಾದ ಲೆಕ್ಕ ಎರಡನೆಯದು.

ಭಾವನ ಎರಡನೇ ಪರೀಕ್ಷೆಯಲ್ಲಿ 162 ಇದ್ದದ್ದು 138 ಬಂತು. ದಿನಾ ಒಂದು ಬಟ್ಟಲು ಕಾಳು, ಕಾಯಿ ಅರ್ಧ, ರಾತ್ರಿ ನೀರಿನ ಜೊತೆ ಇಸಬ್‌ಗೋಲ್, ಬೆಳಿಗ್ಗೆ ತೋಟಕ್ಕೆ ಬೈಕು ಬಿಟ್ಟು ನಡಿಗೆ. ಡಾಕ್ಟರು ಸದ್ಯಕ್ಕೆ ಮಾತ್ರೆ ಬೇಡ ಎಂದರು, ಆರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಇಸಬ್‌ಗೋಲ್ ತಗೊಳ್ಳುವವರು ನೀರು ಧಾರಾಳ ಕುಡಿಯಿರಿ, ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆ ಅಂತರ ಇರಲಿ.

ಇದೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಹಳೇಬೀಡಿನ ಕಡೆ ನನಗೆ ಪರಿಚಯದ ರೈತರೊಬ್ಬರು ಸ್ಟೆಂಟ್ ಹಾಕಿಸಿಕೊಂಡವರು. ಯಾರೋ ಕೊಟ್ಟ ಪುಡಿ ನಂಬಿ, "ಇನ್ನು ಮಾತ್ರೆ ಯಾಕೆ" ಎಂದು ನಿಲ್ಲಿಸಿದರು. ನಾಲ್ಕನೇ ತಿಂಗಳು ಮತ್ತೆ ಎದೆನೋವು, ಮತ್ತೆ ಐಸಿಯು. ಉಳಿದುಕೊಂಡರು, ಆದರೆ ಈಗ ಒಂದು ಬಿಂದಿಗೆ ನೀರು ಎತ್ತಲೂ ಏದುಸಿರು. ಒಮ್ಮೆ ಹೃದಯಾಘಾತ ಆದವರು, ಸ್ಟೆಂಟ್ ಇರುವವರು, ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರು, ಎಲ್‌ಡಿಎಲ್ 190 ಅಥವಾ ಮೇಲಿರುವವರು, ಅಪ್ಪ-ಅಣ್ಣಂದಿರಿಗೆ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದ ಮನೆತನದವರು ಬರೀ ಹುರುಳಿ ನೆಚ್ಚಿ ಕೂರಬೇಡಿ. ಅವರಿಗೆ ಹುರುಳಿಯೂ ಬೇಕು, ಡಾಕ್ಟರು ಬರೆದರೆ ಮಾತ್ರೆಯೂ ಬೇಕು. ಎದೆ ಹಿಂಡಿದ ಹಾಗಾದರೆ, ಎಡತೋಳು, ದವಡೆಗೆ ನೋವು ಹರಡಿ ಬೆವರು ಕಿತ್ತುಕೊಂಡರೆ, ಗ್ಯಾಸು ಅಂತ ಸೋಡಾ ಕುಡಿದು ಮಲಗಬೇಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ.

ಇನ್ನು ಬಿತ್ತನೆಯ ಮಾತು. ಐದು ಜನರ ಮನೆಗೆ ದಿನಕ್ಕೆ ತಲಾ 50 ಗ್ರಾಂ ಒಣಕಾಳು ಅಂದರೆ ವರ್ಷಕ್ಕೆ 90 ಕೆಜಿ ಚಿಲ್ಲರೆ, ಒಂದು ಪಲ್ಲ ಅಂತಲೇ ಇಟ್ಟುಕೊಳ್ಳಿ. ರಾಗಿಯಲ್ಲಿ ಎಂಟು ಸಾಲಿಗೆ ಎರಡು ಸಾಲು ತೊಗರಿ, ಇಲ್ಲವೇ ಎಂಟಕ್ಕೆ ಒಂದು ಸಾಲು ಅವರೆ ಹಾಕಿದರೆ ರಾಗಿಗೆ ದೊಡ್ಡ ಹೊಡೆತ ಬೀಳುವುದಿಲ್ಲ. ಹುರುಳಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಹದವಾದ ಕಾಲ. ಎಕರೆಗೆ ಸುಮಾರು 10 ಕೆಜಿ ಬೀಜ, ಪಿ.ಎಚ್.ಜಿ-9 ತಳಿ ಸಿಗುತ್ತದಾ ಅಂತ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತೆಂಗಿನ ಸಾಲಿನ ನಡುವೆ ಬಿಸಿಲು ಬೀಳುವ ಕಡೆಯೂ ಬರುತ್ತದೆ, ಸೊಪ್ಪು-ಹೊಟ್ಟು ದನಕ್ಕಾಯ್ತು. ಕಾಳನ್ನು ಎರಡು ಬಿಸಿಲು ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಗಾಳಿಯಾಡದ ಡಬ್ಬಕ್ಕೆ ತುಂಬಿ. ಮನೆಯ ಪಲ್ಲ ಎತ್ತಿಟ್ಟ ಮೇಲೆ ಉಳಿದದ್ದು ಮಾರಿ.