ಒಂದೇ ಒಂದು ಫೈಲಿನ ಲೈಸೆನ್ಸ್, ನಿಂತುಹೋದ ಸಾವಿರಾರು ಬಿಲ್ಡ್‌ಗಳು

ಓಪನ್ ಸೋರ್ಸ್ ಅಂದ್ರೆ ಪುಕ್ಕಟೆ, ಯಾರು ಹೇಗೆ ಬೇಕಾದರೂ ಬಳಸಬಹುದು ಅನ್ನೋ ನಂಬಿಕೆ ನಮ್ಮ ಐಟಿ ಕಚೇರಿಗಳಲ್ಲಿ ಬಲವಾಗಿದೆ. ಲೈಸೆನ್ಸ್ ವಿಚಾರ ಬಂದರೆ ‘ಅದು ಲೀಗಲ್‌ನವರ ಕೆಲಸ’ ಎಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. 2021ರ ಮಾರ್ಚ್ 24ರಂದು ಈ ನಂಬಿಕೆಗೆ ಸರಿಯಾದ ಪೆಟ್ಟು ಬಿತ್ತು. ರೂಬಿ ಆನ್ ರೈಲ್ಸ್ ಬಳಸುವ ತಂಡಗಳ ಬಿಲ್ಡ್‌ಗಳು ಇದ್ದಕ್ಕಿದ್ದಂತೆ ಫೇಲ್ ಆಗತೊಡಗಿದವು. ಅವರ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಬೇಕಾದ ಲೈಬ್ರರಿಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು, ನಮ್ಮ ಕೋಡ್ ಜೊತೆ ಜೋಡಿಸಿ, ಪರೀಕ್ಷಿಸಿ, ಸರ್ವರ್‌ಗೆ ಕಳಿಸುವ ಸ್ವಯಂಚಾಲಿತ ವ್ಯವಸ್ಥೆಯೇ ಬಿಲ್ಡ್ ಪೈಪ್‌ಲೈನ್. ಅಂದು ಅದು ಮೊದಲ ಹಂತದಲ್ಲೇ ಮುಗ್ಗರಿಸಿತು. ಮೈಮ್‌ಮ್ಯಾಜಿಕ್ ಎಂಬ ಲೈಬ್ರರಿಯ 0.3.5 ಆವೃತ್ತಿ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತಿತ್ತು.

ಆಗಿದ್ದೇನು?

ನೀವು ಅಪ್‌ಲೋಡ್ ಮಾಡಿದ್ದು ಫೋಟೋನಾ, ಪಿಡಿಎಫ್‌ಆ ಎಂದು ಗುರುತಿಸುವುದು ಮೈಮ್‌ಮ್ಯಾಜಿಕ್ ಕೆಲಸ. ರೈಲ್ಸ್‌ಗೆ ಮಾರ್ಸೆಲ್ ಎಂಬ ಲೈಬ್ರರಿ ಬೇಕು, ಮಾರ್ಸೆಲ್‌ಗೆ ಮೈಮ್‌ಮ್ಯಾಜಿಕ್ ಬೇಕು. ನೆಂಟರ ಜೊತೆ ನೆಂಟರು ಬಂದ ಹಾಗೆ ಇದು ಒಳಗೆ ಬಂದಿತ್ತು. ಇದರ ಹೆಸರನ್ನೇ ಕೇಳದ ಡೆವಲಪರ್‌ಗಳು ಎಷ್ಟೋ ಜನ.

ಮೈಮ್‌ಮ್ಯಾಜಿಕ್ ಮೇಲೆ ಎಂಐಟಿ ಲೈಸೆನ್ಸ್ ಎಂದು ಬರೆದಿತ್ತು. ಆದರೆ ಅದರೊಳಗಿದ್ದ ಒಂದು ಎಕ್ಸ್‌ಎಂಎಲ್ ಫೈಲು ‘ಶೇರ್ಡ್ ಮೈಮ್ ಇನ್ಫೋ’ ಎಂಬ ಬೇರೆ ಯೋಜನೆಯದು. ಅದರ ಲೈಸೆನ್ಸ್ ಜಿಪಿಎಲ್. ಮೂಲ ಯೋಜನೆಯವರು ಇದನ್ನು ಎತ್ತಿ ತೋರಿಸಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಮೈಮ್‌ಮ್ಯಾಜಿಕ್ ನಿರ್ವಾಹಕರು ಹಳೆಯ ಆವೃತ್ತಿಗಳನ್ನು ಹಿಂಪಡೆದು, 0.3.6ನ್ನು ಜಿಪಿಎಲ್ ಅಡಿಯಲ್ಲೇ ಹೊರತಂದರು. ಹಳೆಯ ಆವೃತ್ತಿಯನ್ನೇ ನಂಬಿದ್ದ ಬಿಲ್ಡ್‌ಗಳೆಲ್ಲ ಅಲ್ಲಿಗೆ ನಿಂತವು.

ಎಂಐಟಿ, ಜಿಪಿಎಲ್: ವ್ಯತ್ಯಾಸವೇನು?

ಎಂಐಟಿಯ ಷರತ್ತು ಸರಳ. ಹೇಗೆ ಬೇಕಾದರೂ ಬಳಸಿ, ಹಕ್ಕುಸ್ವಾಮ್ಯದ ಸೂಚನೆಯನ್ನು ಮಾತ್ರ ತೆಗೆಯಬೇಡಿ. ಜಿಪಿಎಲ್ ಹಾಗಲ್ಲ. ಆ ಕೋಡ್ ಸೇರಿಸಿಕೊಂಡು ಮಾಡಿದ್ದನ್ನು ಇನ್ನೊಬ್ಬರಿಗೆ ಹಂಚಿದರೆ, ಅದನ್ನೂ ಜಿಪಿಎಲ್ ಅಡಿಯಲ್ಲೇ ಕೊಡಬೇಕು, ಸೋರ್ಸ್ ಕೋಡ್ ಸಮೇತ. ಎಂಐಟಿ ಲೈಸೆನ್ಸಿನ ರೈಲ್ಸ್ ಇಂಥದ್ದನ್ನು ಹೊತ್ತುಕೊಂಡು ಹೋಗುವ ಹಾಗಿರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಜಿಪಿಎಲ್ ಷರತ್ತು ಜಾರಿಯಾಗುವುದು ಹಂಚಿದಾಗ. ತಮ್ಮದೇ ಸರ್ವರ್‌ನಲ್ಲಿ ವೆಬ್‌ಸೈಟ್ ನಡೆಸುವವರಿಗೆ ಕಾನೂನಿನ ತೊಡಕು ಅಷ್ಟಾಗಿ ಇರಲಿಲ್ಲ. ಸಾಫ್ಟ್‌ವೇರನ್ನು ಗ್ರಾಹಕರ ಕೈಗೇ ಕೊಡುವ ಕಂಪನಿಗಳಿಗೆ ಇತ್ತು. ಆದರೆ ಬಿಲ್ಡ್ ಮಾತ್ರ ಇಬ್ಬರದ್ದೂ ನಿಂತಿತು.

ಎರಡೇ ದಿನದಲ್ಲಿ, ಮಾರ್ಚ್ 26ಕ್ಕೆ, ರೈಲ್ಸ್ ತಂಡ 5.2.5, 6.0.3.6 ಮತ್ತು 6.1.3.1 ಆವೃತ್ತಿಗಳನ್ನು ಬಿಟ್ಟಿತು. ಮಾರ್ಸೆಲ್ ಅಪಾಚೆ ಟಿಕಾ ಯೋಜನೆಯ ಮಾಹಿತಿಗೆ ಬದಲಾಯಿತು. ಇತ್ತ ಮೈಮ್‌ಮ್ಯಾಜಿಕ್ 0.3.7 ಆ ಫೈಲನ್ನು ಕೈಬಿಟ್ಟು ಎಂಐಟಿಗೆ ಮರಳಿತು. ಆದರೆ ಫೈಲನ್ನು ನಿಮ್ಮ ಸಿಸ್ಟಂನಲ್ಲಿ ನೀವೇ ಇಟ್ಟುಕೊಂಡಿರಬೇಕು. ಹಾಗೆ ಇಟ್ಟುಕೊಳ್ಳದವರ ಬಿಲ್ಡ್ ಮತ್ತೆ ಫೇಲ್!

ನಾವು ಮಾಡಬೇಕಾದ್ದು

ಲೈಸೆನ್ಸ್ ತಪಾಸಣೆ ಪೈಪ್‌ಲೈನಿನ ಒಳಗೇ ಇರಬೇಕು, ವರ್ಷಕ್ಕೊಮ್ಮೆ ವಕೀಲರ ಮೇಜಿನ ಮೇಲಲ್ಲ. ಪ್ಯಾಕೇಜಿನ ಮೇಲಿನ ಚೀಟಿ ಓದಿದರೆ ಸಾಲದು, ಇಲ್ಲಿ ಚೀಟಿಯೇ ತಪ್ಪಾಗಿತ್ತಲ್ಲ! ಸ್ಕ್ಯಾನ್‌ಕೋಡ್‌ನಂಥ ಟೂಲ್‌ಗಳು ಒಂದೊಂದು ಫೈಲನ್ನೂ ತೆರೆದು ನೋಡುತ್ತವೆ. ಸ್ವಂತ ಯೋಜನೆಯಲ್ಲಾದರೆ ಪ್ರತಿ ಫೈಲಿನ ತಲೆಯಲ್ಲೇ ಎಸ್‌ಪಿಡಿಎಕ್ಸ್ ಗುರುತು ಹಾಕುವುದು ಒಂದು ಸಾಲಿನ ಕೆಲಸ.

0.3.5ರಿಂದ 0.3.6 ನೋಡಲು ಚಿಲ್ಲರೆ ಅಪ್‌ಡೇಟ್. ಆದರೆ ಅಷ್ಟರಲ್ಲೇ ಲೈಸೆನ್ಸ್ ಬದಲಾಗಿತ್ತು. ಹಾಗಾಗಿ ಪ್ರತಿ ಅಪ್‌ಡೇಟ್‌ಗೂ ತಪಾಸಣೆ ಬೇಕು. ಬಳಸುವ ಲೈಬ್ರರಿಗಳ ಪ್ರತಿಯನ್ನು ನಮ್ಮ ಹತ್ತಿರವೂ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಂಡಿದ್ದವರಿಗೆ ಅಂದು ಯೋಚಿಸಲು ಸಮಯವಾದರೂ ಸಿಕ್ಕಿತು.

ಕಂಪನಿಗಳು ಕೋಟಿಗಟ್ಟಲೆ ವಹಿವಾಟು ನಡೆಸುವ ಸಾಫ್ಟ್‌ವೇರ್‌ನ ತಳದಲ್ಲಿ ಇಂಥ ಪುಟ್ಟ ಲೈಬ್ರರಿಗಳಿವೆ. ಅವುಗಳಲ್ಲಿ ಎಷ್ಟನ್ನೋ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಾರೆ. ಬಿಲ್ಡ್ ನಿಂತ ದಿನ ಅವರ ಮೇಲೆ ರೇಗುವ ಬದಲು, ನಿಲ್ಲುವ ಮೊದಲೇ ಆ ಫೈಲುಗಳನ್ನು ಓದಲು ನಮ್ಮ ಒಬ್ಬ ಇಂಜಿನಿಯರ್‌ಗೆ ವಾರಕ್ಕೊಂದು ಗಂಟೆ ಕೊಟ್ಟರೆ ಕಂಪನಿಗಳು ಕಳೆದುಕೊಳ್ಳುವುದೇನೂ ಇಲ್ಲ.